ಬಿತ್ತಿಗಿ ಎಲಿ ಹಿಡಿದ ನಾಲ್ವರು

ನಾವು ನಾಲ್ವರು ಭಾನುವಾರ ಊಟವಾದ ಮೇಲೆ ಚಾಪೆ ಹಾಸಿ ಎಲೆ ಹಿಡಿದು ಕೂತರೆ, ಏಳುವ ಹೊತ್ತಿಗೆ ಏನಾದರೊಂದು ಆಗಿಯೇ ಇರುತ್ತದೆ. ಬೇಕಂತ ಯಾರೂ ಮಾಡುವುದಿಲ್ಲ. ನಾನಂತೂ ನನ್ನ ಪಾಡಿಗೆ ಎಲೆ ನೋಡುತ್ತಿರುತ್ತೇನೆ, ಅದು ತಾನಾಗಿ ಆಗುತ್ತದೆ.

ನನ್ನದು ಗೋಕಾಕದಲ್ಲಿ ಚಸ್ಮಾ ಅಂಗಡಿ. ಉಳಿದ ಮೂವರಲ್ಲಿ ಒಬ್ಬರು ಹುಕ್ಕೇರಿಯಲ್ಲಿ ಅರಿವಿ ಅಂಗಡಿ ಇಟ್ಟ ಸಾವಕಾರರು. ಜೈನರು, ಮನೆಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಕನ್ನಡ. ಇನ್ನೊಬ್ಬರು ಮೂಡಲಗಿ ಕಡೆಯ ಕಬ್ಬಿನ ರೈತರು, ಊರಿಗೆಲ್ಲ ಕಾಕಾ. ಮೂರನೆಯವರು ಮಾಸ್ತರ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾರೆ, ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ನಮಗೆ ಪೋಕರ್ ಹಚ್ಚಿದ ಪುಣ್ಯಾತ್ಮರು ಅವರೇ. ಆಟ ಒಂದು ವಾರ ಗೋಕಾಕದಲ್ಲಿ, ಒಂದು ವಾರ ಮೂಡಲಗಿಯಲ್ಲಿ, ಒಂದು ವಾರ ಹುಕ್ಕೇರಿಯಲ್ಲಿ.

ಆಟ ಸರಳ. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ನಡುವೆ ಐದು ಎಲೆ ತೆರೆಯುತ್ತವೆ, ಅವು ಎಲ್ಲರಿಗೂ ಸೇರಿದವು. ಕೈಯಲ್ಲಿದ್ದದ್ದು, ನಡುವೆ ಬಿದ್ದದ್ದು ಕೂಡಿಸಿ ಯಾರದು ದೊಡ್ಡದಾಗುತ್ತದೋ ಅವರು ಗೆದ್ದರು. ಮುಂದುವರಿಯಬೇಕೆಂದರೆ ನಡುವೆ ಏನಾದರೂ ಹಾಕಬೇಕು, ಬೇಡವಾದರೆ ಎಲೆ ಕೆಳಗಿಟ್ಟು ಚಹಾ ಕುಡಿಯಬೇಕು. ಎಕ್ಕಾ, ರಾಜಾ ಬಂದರೆ ಯಾರಾದರೂ ಆಡುತ್ತಾರೆ. ತಲೆ ಕೆಡುವುದು ಎಂಟು-ಒಂಬತ್ತು ಬಂದಾಗ, ಇಲ್ಲವೇ ಸಣ್ಣದೊಂದು ಜೋಡಿ ಬಂದಾಗ. ಈಗ ಅದು ಏನೂ ಅಲ್ಲ. ನಡುವಿನ ಎಲೆಗಳು ಒಲಿದರೆ ಎಲ್ಲವೂ ಅದೇ. ಮಾಸ್ತರ ಇಂಥ ಎಲೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದು ಹೇಳಿದರು.

ಕಾಕಾ ಕೇಳಿಸಿಕೊಂಡು, "ಅಂದ್ರ ಬಿತ್ತಿಗಿ ಎಲಿ ಅನ್ರಿ. ಇನ್ನಾ ಕಾಳಲ್ಲ, ಬೀಜ" ಅಂದರು. ಆ ಹೆಸರೇ ಉಳಿಯಿತು.

ಬಿತ್ತಿಗಿ ಎಲೆ ಬಂದರೆ ಆಡಬೇಕೋ ಬಿಡಬೇಕೋ ಎಂಬುದರಲ್ಲಿ ನಮ್ಮ ನಾಲ್ವರ ಜಾತಕ ಇತ್ತು. ಕಾಕಾ ಯಾವುದನ್ನೂ ಬಿಡುತ್ತಿರಲಿಲ್ಲ, "ಬಿತ್ತದ ಬೆಳಿ ಬರತೈತೇನು?" ಅನ್ನುತ್ತಿದ್ದರು. ಸಾವಕಾರರು ಯಾವುದನ್ನೂ ಹಿಡಿಯುತ್ತಿರಲಿಲ್ಲ. ಮಾಸ್ತರ ಮೇಲೆ ನೋಡುತ್ತ ಬಹಳ ಹೊತ್ತು ಲೆಕ್ಕ ಹಾಕಿ ಬಿಡುತ್ತಿದ್ದರು. ನಾನು ಉಳಿದವರ ಮುಖ ನೋಡಿ ಅವರು ಮಾಡಿದಂತೆ ಮಾಡುತ್ತಿದ್ದೆ.

ಎದುರಿಗಿನ ರಾಶಿ

ಮೊದಮೊದಲು ನಾವು ಹುರಿದ ಶೇಂಗಾ ಇಟ್ಟು ಆಡುತ್ತಿದ್ದೆವು. ದುಡ್ಡು ಇಟ್ಟರೆ ಜಗಳ, ಶೇಂಗಾ ಇಟ್ಟರೆ ಏನಿದ್ದೀತು ಎಂಬ ಲೆಕ್ಕ.

ಮಾಸ್ತರ ಒಂದು ದಿನ ಪಾಠ ಶುರು ಮಾಡಿದರು. "ಬಿತ್ತಿಗಿ ಎಲಿ ಸುಮ್ಮ ಸುಮ್ಮನ ಆಡಬಾರದ್ರಿ ಕಾಕಾ. ಹತ್ತರಾಗ ಒಂಬತ್ತ ಸಲ ಅದು ಸುಟ್ಟ ಹೋಗತೈತಿ. ಒಂದ ಸಲ ಬೆಳೀತೈತಿ. ಆ ಒಂದ ಸಲದಾಗ ಒಂಬತ್ತೂ ಸಲದ್ದು ವಸೂಲಾಗಬೇಕು. ಹಂಗಾಗಿ ಎದುರಿನವ್ರ ಮುಂದ ದೊಡ್ಡ ರಾಶಿ ಇದ್ದಾಗಷ್ಟ ಆಡ್ರಿ."

ಕಾಕಾಗೆ ಮಾತು ಹಿಡಿಸಿತು. ಮುಂದಿನ ಸಲ ಎಲೆ ಎತ್ತಿದವರೇ ತಲೆ ಎತ್ತಿ ಸಾವಕಾರರ ಮುಂದಿನ ರಾಶಿ ನೋಡಿದರು. ಅಂದು ಸಾವಕಾರರು ಗೆದ್ದು ಗೆದ್ದು ಅವರ ಮುಂದೆ ಶೇಂಗಾದ ಗುಡ್ಡವೇ ಎದ್ದಿತ್ತು. ಕಾಕಾ ಎಲೆ ಬಿಡಲಿಲ್ಲ.

ನಡುವೆ ಹತ್ತು ಬಿತ್ತು, ಗುಲಾಮ ಬಿತ್ತು. ಕಾಕಾ ಹಾಕಿದರು, ಸಾವಕಾರರೂ ಹಾಕಿದರು. ನಾನು, ಮಾಸ್ತರ ಎಲೆ ಕೆಳಗಿಟ್ಟು ನೋಡುತ್ತ ಕೂತೆವು. ಎಲ್ಲರ ಕಣ್ಣೂ ನಡುವಿನ ಎಲೆಗಳ ಮೇಲೆ. ಕೊನೆಯ ಎಲೆ ಏಳು. ಕಾಕಾ ಕೈ ತೆರೆದರು, ಎಂಟು-ಒಂಬತ್ತು. ಏಳರಿಂದ ಗುಲಾಮನ ತನಕ ಐದೂ ಸಾಲಾಗಿ ಕೂತಿದ್ದವು. ಸಾವಕಾರರ ಕೈಯಲ್ಲಿ ಎರಡು ಎಕ್ಕಾ ಇದ್ದವು, ಆದರೆ ಸಾಲಿನ ಮುಂದೆ ಅವು ನಡೆಯುವುದಿಲ್ಲ.

ಕಾಕಾ ಎರಡೂ ಕೈ ಚಾಚಿ, "ತರ್ರಿ ಸಾವಕಾರ್ರ, ಎಲ್ಲಾ ಈಕಡೆ ಸರಸ್ರಿ" ಅಂದರು.

ಸಾವಕಾರರ ಮುಂದೆ ಎರಡೋ ಮೂರೋ ಶೇಂಗಾ ಇದ್ದವು. ಉಳಿದದ್ದು ಕೆಂಪು ಸಿಪ್ಪೆ.

"ಗುಡ್ಡ ಎಲ್ಲಿ ಹೋತ್ರಿ?" ಅಂತ ಕಾಕಾ ಕೇಳಿದರು.

"ಎಕ್ಕಾ ಜೋಡಿ ಬಂದ್ರ ನನ್ನ ಬಾಯಿ ಒಣಗತೈತ್ರಿ" ಅಂದರು ಸಾವಕಾರರು. "ಕೈ ತಾನ ಹೋಗತೈತಿ."

ಕಾಕಾ ನಿಧಾನವಾಗಿ ಮಾಸ್ತರರ ಕಡೆ ತಿರುಗಿದರು. "ಮಾಸ್ತರ, ಎದುರಿನವ ರಾಶಿ ತಿಂದ್ರ ಏನ ಮಾಡಬೇಕಂತ ಬರದಾರ ನಿಮ್ಮ ಪುಸ್ತಕದಾಗ?"

ಮಾಸ್ತರ ಸ್ವಲ್ಪ ಹೊತ್ತು ಖರೆಯೇ ನೆನಪು ಮಾಡಿಕೊಂಡರು. ಆಮೇಲೆ ಅಂದರು, "ಪುಸ್ತಕ ಬರದವ್ರು ಪ್ಲಾಸ್ಟಿಕ್ ಬಿಲ್ಲೆ ಇಟ್ಟ ಆಡತಾರ್ರಿ."

ಗೆದ್ದವರು ಏಳಬಾರದು

ಮುಂದಿನ ವಾರ ಸಾವಕಾರರು ತಾವೇ ಅಂಗಡಿಯಿಂದ ಒಂದು ಚೀಲ ಅಂಗಿ ಗುಂಡಿ ತಂದರು. ಬಿಳಿ ಗುಂಡಿ, ನಾಲ್ಕು ತೂತಿನವು. ಅಂದಿನಿಂದ ಗುಂಡಿಯೇ ನಮ್ಮ ಚಲಾವಣೆ.

ಸಾವಕಾರರದು ಇನ್ನೊಂದು ಸಂಗತಿ ಇತ್ತು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ. ಆಟ ಮೂಡಲಗಿಯಲ್ಲಿದ್ದರೆ ಹೊತ್ತಿರುವಾಗಲೇ ಎದ್ದು ಹುಕ್ಕೇರಿ ಮುಟ್ಟಬೇಕು. ಕಾಕಾನ ಮನೆಯಲ್ಲಿ ಒಂದು ನೇಮ: ಗೆದ್ದವರು ಮೊದಲು ಏಳಬಾರದು. ಗುಂಡಿ ಖಾಲಿಯಾದವರು ಬೇಕಾದಾಗ ಹೋಗಬಹುದು. ಹೀಗಾಗಿ ಮಧ್ಯಾಹ್ನವೆಲ್ಲ ಬಿಗಿಯಾಗಿ ಕೂತ ಸಾವಕಾರರು ಬಿಸಿಲು ಇಳಿಯತೊಡಗಿದೊಡನೆ ಬೇರೆ ಮನುಷ್ಯರಾಗುತ್ತಿದ್ದರು. ಎಂಥ ಎಲೆ ಬಂದರೂ ಆಡಿ, ಬೇಗ ಸೋತು, ಗಾಡಿ ಹತ್ತುವ ಅವಸರ.

ಒಂದು ಭಾನುವಾರ ಅವರಿಗೆ ಸೋಲಲು ಆಗಲಿಲ್ಲ.

ಮೊದಲು ನಾಲ್ಕು-ಎರಡು ಹಿಡಿದು ಅರ್ಧ ರಾಶಿ ಹಾಕಿದರು. ನಡುವೆ ನಾಲ್ಕರ ಎಲೆ ಎರಡು ಬಿದ್ದು, ಜೊತೆಗೆ ಎರಡರ ಎಲೆಯೂ ಒಂದು ಬಿತ್ತು. ಗುಂಡಿ ಇಮ್ಮಡಿಯಾದವು. ಆಮೇಲೆ ಒಂಬತ್ತು-ಮೂರು ಹಿಡಿದರು. ಎರಡಕ್ಕೂ ಸಂಬಂಧವಿಲ್ಲ, ಬಣ್ಣವೂ ಬೇರೆ. ಮಾಸ್ತರ, "ಇದನ್ನ ಆಡೂದು ಬ್ಯಾಡ್ರಿ" ಅಂತ ಎಚ್ಚರಿಸಿದರೂ ಕೇಳಲಿಲ್ಲ, ಗೆದ್ದರು. ಮೂರನೆಯ ಸಲ ಎಲೆ ಎತ್ತಿ ನೋಡಲೇ ಇಲ್ಲ, ರಾಶಿಯನ್ನೆಲ್ಲ ನಡುವೆ ತಳ್ಳಿ ಕಿಟಕಿ ನೋಡುತ್ತ ಕೂತರು. ತೆರೆದರೆ ಕೈಯದು, ನಡುವಿನದು ಕೂಡಿ ಐದು ಎಲೆ ಒಂದೇ ಬಣ್ಣ, ಸಾಲಿಗಿಂತಲೂ ದೊಡ್ಡದು.

"ಯಾರಾರ ಗೆಲ್ರಿ" ಅಂತ ಸಾವಕಾರರು ಬೇಡಿಕೊಂಡರು. "ಹೊತ್ತ ಹೊಂಟತು."

"ನಾವೇನ ಬ್ಯಾಡ ಅಂದೇವಿ?" ಅಂದರು ಕಾಕಾ. ಅವರ ಮುಂದೆ ಆಗ ಒಂದೂ ಗುಂಡಿ ಇರಲಿಲ್ಲ. ಸಾವಕಾರರೇ ಅವರಿಗೆ ಒಂದು ಹಿಡಿ ಕೈಗಡ ಕೊಟ್ಟು ಆಡಿಸಿದರು. ಅದನ್ನೂ ಗೆದ್ದರು.

ಅಷ್ಟರಲ್ಲಿ ಹುಕ್ಕೇರಿಯಿಂದ ಮನೆಯವರ ಫೋನ್ ಬಂತು. ಸಾವಕಾರರು ಮರಾಠಿಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರು. ಫೋನ್ ಇಟ್ಟ ಮೇಲೆ ಅವರ ಮುಖ ಸಪ್ಪಗಾಗಿತ್ತು.

"ಏನಂದ್ರು?" ಅಂತ ಕೇಳಿದೆ.

"ಎಲ್ಲಿ ಅದೀರಿ ಅಂದ್ಲು. ಏಳಾಕ ಬರವಲ್ದು, ಗೆಲ್ಲಾಕತ್ತೇನಿ ಅಂದೆ."

"ಮತ್ತ?"

ಸಾವಕಾರರು ಮುಂದಿದ್ದ ಗುಂಡಿಯ ರಾಶಿ ನೋಡಿದರು. "ಹಂಗಾರ ಗೆದ್ದದ್ದ ತಿಂದ ಬರ್ರಿ ಅಂದ್ಲು."

ಆರರ ಜೋಡಿ

ಒಮ್ಮೆ ಮೂಡಲಗಿಯಲ್ಲಿ ಆಟ ಮುಗಿದ ಮೇಲೆ ಕಾಕಾಗೆ ಗೋಕಾಕದಲ್ಲಿ ಏನೋ ಕೆಲಸವಿತ್ತು. ಕಾಕಾ, ಮಾಸ್ತರ, ನಾನು ಮೂವರೂ ಬಸ್ಸು ಹತ್ತಿದೆವು. ಅರಭಾವಿಯಲ್ಲಿ ಬಸ್ಸು ತುಂಬಿತು. ಮೂರು ಮಂದಿಯ ಸೀಟಿನಲ್ಲಿ ಕಾಕಾ, ಮಾಸ್ತರ ಕೂತಿದ್ದರು. ಅವರ ಬಾಜೂ ತಲೆಗೆ ಪಟಗ ಸುತ್ತಿದ ಅಜ್ಜ ಒಬ್ಬರು ಬಂದು ಕೂತರು. ನಾನು ಹಿಂದಿನ ಸೀಟಿನಲ್ಲಿದ್ದೆ.

ಕಾಕಾ ಅಂದು ಸಣ್ಣ ಜೋಡಿ ಹಿಡಿದು ಸೋತಿದ್ದರು. ಅದರ ವಿಚಾರಣೆ ನಡೆದಿತ್ತು.

"ಆರರ ಜೋಡಿಗೆ ಅಷ್ಟ ಹಾಕಬಾರದಿತ್ರಿ ಕಾಕಾ" ಅಂದರು ಮಾಸ್ತರ. "ಸಾವಕಾರ್ರ ಕಡೆ ಎಂಟರ ಜೋಡಿ ಇತ್ತು. ಎಂಟರ ಮುಂದ ಆರು ನಿಂದರತಾವೇನು?"

ಅಜ್ಜ ಈ ಕಡೆ ತಿರುಗಿದರು. "ಯಾಕ ನಿಂದರೂದಿಲ್ಲ? ಆರಲ್ಲಿನವು ಅಂದ್ರ ಹರೇದವು. ಎಂಟಲ್ಲಿನವು ಬಾಯಿ ಗೂಡಿದವು, ಇನ್ನೇನ ಬೆಳೀತಾವ ಅವು?"

ಅಜ್ಜನದು ಎತ್ತಿನ ಮಾತು. ಎತ್ತಿನ ವಯಸ್ಸನ್ನು ಹಲ್ಲಿನ ಮೇಲೆ ಹೇಳುತ್ತಾರೆ: ಎರಡು ಹಲ್ಲು, ನಾಲ್ಕು, ಆರು; ಎಂಟೂ ಬಂದರೆ ಬಾಯಿ ಗೂಡಿತು ಅಂತ ಲೆಕ್ಕ. ನನಗೆ ತಿಳಿಯಿತು. ಮಾಸ್ತರರಿಗೆ ತಿಳಿಯಲಿಲ್ಲ. ಅಜ್ಜನೂ ಪೋಕರ್ ಆಡುವವರೆಂದೇ ಅವರು ಹಿಡಿದುಕೊಂಡರು.

"ಇಲ್ರಿ ಅಜ್ಜಾರ, ಎಂಟ ಯಾವಾಗಲೂ ದೊಡ್ಡದು" ಅಂತ ಮರ್ಯಾದೆಯಿಂದ ವಾದಿಸಿದರು.

"ದೊಡ್ಡದ ಖರೆ. ದುಡ್ಯಾಕ ಬರಬೇಕಲಾ? ಎರಡಲ್ಲಿನವು ಸಿಕ್ಕಿದ್ವೇನು?"

ಕಾಕಾ ರೈತರು, ಅವರಿಗಾದರೂ ತಿಳಿಯಬೇಕಿತ್ತು. ಆದರೆ ಅವರ ತಲೆ ಇನ್ನೂ ಚಾಪೆಯ ಮೇಲೇ ಇತ್ತು. "ಎರಡರ ಜೋಡಿ ಬಂದ್ರ ನಾ ಒಟ್ಟ ಬಿಡೂದಿಲ್ರಿ" ಅಂದರು.

"ಶಾಣ್ಯಾ ಅದಿ" ಅಂದರು ಅಜ್ಜ. "ಎಳೇವಿದ್ದಾಗ ಹಿಡೀಬೇಕು, ನಮ್ಮ ಕೈಯಾಗ ಬೆಳೀತಾವು."

ಮಾಸ್ತರರಿಗೆ ಈ ಮಾತು ಬಹಳ ಮೆಚ್ಚಿಗೆಯಾಯಿತು. ತಿರುಗಿ ನನ್ನ ಕಡೆ ನೋಡಿ ತಲೆದೂಗಿದರು. ಆಮೇಲೆ ಅಜ್ಜನಿಗೆ, "ಮೂರನೇದ್ದೊಂದು ಆರು ಬಂದಿದ್ರ ನಮ್ಮ ಕಾಕಾ ಗೆಲ್ತಿದ್ರು ನೋಡ್ರಿ" ಅಂದರು.

ಅಜ್ಜ ಮುಖ ಗಂಟಿಕ್ಕಿದರು. "ಮೂರನೇದ್ದು ತಗೊಂಡ ಏನ ಮಾಡತೀರಿ? ನೊಗಕ್ಕ ಕಟ್ಟೂದ ಎರಡ."

ಈಗ ಮಾಸ್ತರ ಗಲಿಬಿಲಿಗೊಂಡರು. ನೊಗ ಎಂಬುದು ಆಟದಲ್ಲಿ ಯಾವ ನೇಮ ಅಂತ ಯೋಚಿಸತೊಡಗಿದರು. ಅಜ್ಜ ಕಾಕಾನ ಕಡೆ ಬಗ್ಗಿ, "ಇರಲಿ, ಆ ಆರರ ಜೋಡಿ ಈಗ ಎಲ್ಲಿ ಕಟ್ಟಿ?" ಅಂತ ಕೇಳಿದರು.

"ಕಟ್ಟೂದೇನ ಬಂತ್ರಿ" ಅಂದರು ಕಾಕಾ, ಇಸ್ಪೀಟಿನ ಕಟ್ಟು ಇಟ್ಟಿದ್ದ ಅಂಗಿಯ ಕಿಸೆ ತಟ್ಟಿ. "ಇಲ್ಲೇ ಕಿಸೇದಾಗ ಅದಾವ."

ಅಜ್ಜ ತಮ್ಮ ಕೈಚೀಲ ತೆಗೆದುಕೊಂಡು ಎದ್ದು, ಗೋಕಾಕ ಬರುವ ತನಕ ಕಂಡಕ್ಟರನ ಹತ್ತಿರ ನಿಂತೇ ಬಂದರು.

ಕಾಕಾನ ದಿವ್ಯದೃಷ್ಟಿ

ಅದಾದ ಕೆಲವು ತಿಂಗಳಿಗೆ ಕಾಕಾ ಇದ್ದಕ್ಕಿದ್ದಂತೆ ಚೆನ್ನಾಗಿ ಆಡತೊಡಗಿದರು. ಎಲ್ಲ ಎಲೆಯನ್ನೂ ಆಡುತ್ತಿದ್ದ ಮನುಷ್ಯ ಈಗ ಆರಿಸಿ ಆಡುತ್ತಿದ್ದರು. ಸಾವಕಾರರ ಕೈಯಲ್ಲಿ ಎಕ್ಕಾ, ರಾಜಾ ಇದ್ದಾಗ ಮರುಮಾತಿಲ್ಲದೆ ಬಿಡುತ್ತಿದ್ದರು. ಅವರಲ್ಲಿ ಏನೂ ಇಲ್ಲದಾಗ ಐದು-ಆರು ಹಿಡಿದೂ ಮುಂದೆ ನಡೆಯುತ್ತಿದ್ದರು.

ಮಾಸ್ತರ ಬೆರಗಾದರು. ಕಾಲೇಜಿನಲ್ಲಿ ಹುಡುಗರಿಗೂ ಹೇಳಿದರಂತೆ, ನೆಲದ ಜೊತೆ ಬದುಕಿದವರಿಗೆ ಸಂಭವನೀಯತೆ ರಕ್ತದಲ್ಲೇ ಇರುತ್ತದೆ ಅಂತ.

ನನಗೆ ಸಂಗತಿ ಗೊತ್ತಾದದ್ದು ಕಡ್ಡಿಪೆಟ್ಟಿಗೆ ತೆಗೆದುಕೊಳ್ಳಲು ಕಾಕಾನ ಬೆನ್ನ ಹಿಂದೆ ಹೋದಾಗ. ಸಾವಕಾರರಿಗೆ ನಾನೇ ಒಂದು ಹೊಸ ಚಸ್ಮಾ ಮಾಡಿಕೊಟ್ಟಿದ್ದೆ. ದೊಡ್ಡ ಗಾಜು, ಒಳ್ಳೆಯ ಹೊಳಪು. ಅವರು ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡುವವರು. ಕಿಟಕಿಯ ಬೆಳಕಿಗೆ ಅವರ ಎರಡೂ ಗಾಜಿನಲ್ಲಿ ಎರಡೂ ಎಲೆ ಕಾಣುತ್ತಿದ್ದವು. ಕಾಕಾ ಎಷ್ಟೋ ವಾರದಿಂದ ಆ ಎದುರಿನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಸಾವಕಾರರಿಗೆ ನಾನು ಕಾರಣ ಹೇಳಲಿಲ್ಲ. ಗಾಜು ಮಸುಕಾಗಿದೆ ಅಂತ ಚಸ್ಮಾ ಇಸಿದುಕೊಂಡು, ಪ್ರತಿಬಿಂಬ ಬೀಳದ ಗಾಜು ಕೂಡಿಸಿ ಕೊಟ್ಟೆ. ಆ ಭಾನುವಾರ ಕಾಕಾ ನಾಲ್ಕು ಸಲ ಗುಂಡಿ ಕೈಗಡ ತೆಗೆದುಕೊಂಡರು.

ಮರುದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, "ಚಸ್ಮಾದವರ, ಸಾವಕಾರ್ರ ಕಣ್ಣಿಗಿ ಏನ ಮಾಡಿದ್ರಿ?" ಅಂತ ಕೇಳಿದರು.

"ಯಾಕ್ರಿ ಕಾಕಾ?"

"ಮೊದಲ ಭಾಳ ಪಾರದರ್ಶಕ ಮನಶ್ಯಾ ಇದ್ರು" ಅಂದರು ಕಾಕಾ. "ಈಗ ಏನೋ ಮುಚ್ಚಿಡಾಕತ್ತಾರ."

ಮಾಸ್ತರ ಆಟಕ್ಕಿಳಿದದ್ದು

ಮಾಸ್ತರರಿಗೆ ಮದುವೆ ಕೂಡಿಬರುತ್ತಿರಲಿಲ್ಲ. ಮನುಷ್ಯ ಒಳ್ಳೆಯವರು, ನೌಕರಿ ಇದೆ, ಪಗಾರ ಇದೆ. ಆದರೆ ಹೆಣ್ಣು ನೋಡಲು ಹೋದಲ್ಲಿ ಕೇಳಿದ್ದಕ್ಕೆಲ್ಲ ಖರೆ ಉತ್ತರ ಕೊಡುವರು, ಅದೂ ಬಿಡಿಸಿ ಬಿಡಿಸಿ. ಹನ್ನೊಂದು ಕಡೆಯಿಂದ ಬೇಡವೆಂದು ಬಂದಿತ್ತು. ಹನ್ನೆರಡನೆಯದು ಹುಕ್ಕೇರಿಯ ಮನೆ. ಹುಡುಗಿ ಔಷಧ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. "ಇದೂ ಆಗಲಿಲ್ಲಂದ್ರ ಬಿಟ್ಟಬಿಡತೇನ್ರಿ. ಅವ್ವಗೂ ಹೇಳೇನಿ" ಅಂತ ಮಾಸ್ತರ ಒಂದು ದಿನ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದರು. ಅಂದು ಅವರ ಮುಖ ನೋಡಿ ನನಗೂ ಕಸಿವಿಸಿಯಾಯಿತು.

ಅದೇ ವಾರ ಹುಡುಗಿಯ ತಂದೆ ವಿಚಾರಿಸಲು ನನ್ನ ಅಂಗಡಿಗೇ ಬಂದರು. ನೇರವಾಗಿ ಕೇಳಲು ಸಂಕೋಚ, ಕಣ್ಣು ತೋರಿಸಬೇಕು ಅಂದರು. ಕೂಡಿಸಿ, ಗಾಜು ಹಾಕಿ, ಗೋಡೆಯ ಮೇಲಿನ ಅಕ್ಷರ ಓದಿಸತೊಡಗಿದೆ.

"ಮ್ಯಾಲಿರೂ ಮಾಸ್ತರ ಹೆಂತಾವ್ರು?" ಅಂದರು, ಅಕ್ಷರ ಬಿಟ್ಟು.

"ಭಾಳ ಚಲೋ ಮನಶ್ಯಾರು. ಈಗ ಹೆಂಗ ಕಾಣತೈತಿ?"

"ಇನ್ನಾ ಮಬ್ಬ ಐತಿ. ಇಸ್ಪೀಟ ಆಡತಾರಂತ ಕೇಳಿದೆ."

ನಾನು ಗಾಜು ಬದಲಿಸಿದೆ. "ಗುಂಡಿ ಇಟ್ಟ ಆಡತಾರ್ರಿ, ಅಂಗಿ ಗುಂಡಿ. ಅದನ್ನೂ ಕಳಕೊಳ್ಳೂದಿಲ್ಲ. ಬಂದ ಎಲಿ ಎಲ್ಲಾ ಕೆಳಗ ಇಡತಾರ."

"ಎಲ್ಲಾನೂ?"

"ಹೆಚ್ಚೂಕಮ್ಮಿ ಎಲ್ಲಾನೂ."

"ಈಗ ಸ್ವಚ್ಛ ಕಾಣಾಕತ್ತು" ಅಂದರು ತಂದೆ. ಇಷ್ಟು ಜಾಗ್ರತೆಯ ಹುಡುಗ ಎಲ್ಲಿ ಸಿಗುತ್ತಾನೆ ಅಂತ ಅವರ ಲೆಕ್ಕ.

ಎರಡೂ ಮನೆಯ ಹಿರಿಯರು ಒಪ್ಪಿದರು. ಹುಡುಗ-ಹುಡುಗಿ ಮಾತಾಡುವುದೊಂದು ಉಳಿಯಿತು. ಮಾಸ್ತರರ ತಾಯಿಗೆ ಕಾಲುನೋವು, ಅವರ ಪರವಾಗಿ ನಾವು ಮೂವರು ಒಂದು ಪೆಟ್ಟಿಗೆ ಕರದಂಟು ಹಿಡಿದು ಹೋದೆವು. ದಾರಿಯುದ್ದಕ್ಕೂ ಕಾಕಾ, "ಕೇಳಿದ್ದಕ್ಕಷ್ಟ ಹೇಳ್ರಿ, ಮಾಸ್ತರ" ಅಂತ ಹೇಳುತ್ತಲೇ ಇದ್ದರು.

ಹುಡುಗಿ ಚುರಮುರಿ ಚೂಡಾ, ಚಹಾ ತಂದಿಟ್ಟು ಎದುರಿಗೇ ಕೂತಳು. ತಂದೆ, "ಏನಾರ ಕೇಳೂದಿದ್ರ ಕೇಳಕೋರಿ" ಅಂದರು. ಹುಡುಗಿಯೇ ಬಾಯಿ ಬಿಟ್ಟಳು.

"ಬಂದ ಎಲಿ ಎಲ್ಲಾ ಕೆಳಗ ಇಡತೀರಂತ. ಅಪ್ಪಾ ಹೇಳಿದ್ರು."

"ಹೌದ್ರಿ" ಅಂದರು ಮಾಸ್ತರ.

"ಮೊದಲ ಎಷ್ಟ ಹುಡಿಗ್ಯಾರನ್ನ ನೋಡೀರಿ?"

"ಹನ್ನೊಂದ ಮಂದಿನ್ರಿ."

"ಅವ್ರನ್ನೂ ಕೆಳಗ ಇಟ್ಟ ಬಂದ್ರಿ?"

ತಂದೆ ಕೆಮ್ಮಿದರು. ನಾನು ಚೂಡಾದ ತಟ್ಟೆ ನೋಡಿದೆ. ಮಾಸ್ತರ ಮಾತ್ರ ತರಗತಿಯಲ್ಲಿ ತಪ್ಪು ತಿದ್ದುವವರ ಹಾಗೆ, "ಇಲ್ರಿ. ಹನ್ನೊಂದೂ ಮಂದಿ ಅವ್ರ ನನ್ನ ಕೆಳಗ ಇಟ್ರು" ಅಂದರು.

ಹುಡುಗಿ ನಗಲಿಲ್ಲ. "ನಾನೂ ಒಂದಿಷ್ಟ ಮಂದಿನ್ನ ಬ್ಯಾಡ ಅಂದೇನಿ. ಬಂದವ್ರೆಲ್ಲಾ ತಾವ ಎಕ್ಕಾ ಅನ್ನೂ ಹಂಗ ಕುಂಡ್ರತಿದ್ರು" ಅಂದಳು.

"ನಾ ಎಕ್ಕಾ ಅಲ್ರಿ."

"ಮತ್ತ ಏನ ನೀವು?"

ಮಾಸ್ತರ ಮೇಲೆ ನೋಡುತ್ತ ಲೆಕ್ಕ ಹಾಕಿದರು. ಕಾಕಾ ಕಣ್ಣು ಮುಚ್ಚಿಕೊಂಡರು.

"ಆರು" ಅಂದರು ಮಾಸ್ತರ. "ಆರು ಒಂದ ಇದ್ರ ಏನೂ ಉಪಯೋಗ ಇಲ್ರಿ. ಬಾಜೂ ಏಳು ಬಂದ ಕುಂತ್ರ ಮುಂದ ಏನಾರ ಆದೀತು."

ಹುಡುಗಿ ಸೆರಗಿನ ಅಂಚು ನೋಡುತ್ತ ಕೂತವಳು, ಮುಖ ಕೆಂಪಾಗಿ, ಖಾಲಿಯಾಗದ ಕಪ್ಪುಗಳನ್ನೂ ಎತ್ತಿಕೊಂಡು ಒಳಗೆ ಹೋದಳು. ಒಳಗೆ ಹೆಣ್ಣುಮಕ್ಕಳು ನಗುವ ಸದ್ದು ಕೇಳಿತು. ತಂದೆ ಕೈ ಜೋಡಿಸಿ, ಎರಡು ದಿನದಲ್ಲಿ ಹೇಳಿ ಕಳಿಸುತ್ತೇವೆ ಅಂದರು. ಆದರೆ ಒಪ್ಪಿಗೆ ಅಂತ ಅವರ ಮುಖವೇ ಹೇಳಿಬಿಟ್ಟಿತ್ತು. ಇಷ್ಟು ವರ್ಷದ ಒಡನಾಟದಲ್ಲಿ ಮಾಸ್ತರರ ಬಾಯಿಂದ ಇಂಥ ಮಾತು ನಾವು ಕೇಳಿರಲಿಲ್ಲ.

ನಮ್ಮನ್ನು ಗೋಕಾಕಕ್ಕೆ ಮುಟ್ಟಿಸಲು ಸಾವಕಾರರೂ ಬಂದರು, ಗಾಡಿ ಹತ್ತಿದೆವು. ಕಾಕಾ ಮಾಸ್ತರರ ಬೆನ್ನು ತಟ್ಟಿದರು. ಮಾಸ್ತರ ಮಾತ್ರ ಮಂಕಾಗಿ ಹೊರಗೆ ನೋಡುತ್ತಿದ್ದರು. ಹುಕ್ಕೇರಿ ದಾಟಿದ ಮೇಲೆ ಮೆಲ್ಲಗೆ ಅಂದರು, "ನಾ ಒಂದ ತಪ್ಪ ಹೇಳಿದೆ ಅನಸತೈತ್ರಿ."

"ಏನೂ ತಪ್ಪ ಹೇಳಿಲ್ಲ, ಸುಮ್ಮ ಕುಂಡ್ರಿ" ಅಂದೆ.

"ಇಲ್ರಿ. ಆರಕ್ಕ ಏಳ ಬರಬೇಕಂತ ಏನಿಲ್ಲ. ಐದ ಬಂದ್ರೂ ನಡೀತೈತಿ" ಅಂತ ಮಾಸ್ತರ ಕಿಸೆಯಿಂದ ಫೋನ್ ತೆಗೆದರು. "ಅವರಿಗೆ ತಿಳಿಸಿಬಿಡತೇನಿ."

ಸಾವಕಾರರು ಆ ಫೋನನ್ನು ಅವರ ಕೈಯಿಂದ ತೆಗೆದುಕೊಂಡು, ತಮ್ಮ ಒಳಗಿನ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡರು. ತಿರುಗಿ ಕೊಟ್ಟದ್ದು ಮದುವೆಯ ಅಕ್ಕಿಕಾಳು ಬಿದ್ದ ಮೇಲೆ.